ಬೂದಿಗೆರೆಯಲ್ಲೊಂದು ಟಿಪ್ಪು ಡ್ರಾಪ್

ನಿವೃತ್ತ ಬ್ಯಾಂಕ್ ನೌಕರನ ಕೈಗೆ ಎರಡು ವಸ್ತು ಒಟ್ಟೊಟ್ಟಿಗೆ ಸಿಗಬಾರದು. ಒಂದು, ಪಿ.ಎಫ್. ಹಣ. ಇನ್ನೊಂದು, ಪುಕ್ಕಟೆ ಸಾಫ್ಟ್‌ವೇರ್. ಬರೀ ಹಣವಿದ್ದರೆ ಎಫ್.ಡಿ. ಮಾಡಿ ಸುಮ್ಮನಿರುತ್ತಾನೆ. ಬರೀ ಸಾಫ್ಟ್‌ವೇರ್ ಇದ್ದರೆ ಇಸ್ಪೀಟು ಆಡಿಕೊಂಡಿರುತ್ತಾನೆ. ಎರಡೂ ಸೇರಿದರೆ ಬೂದಿಗೆರೆ ಕಡೆ 30×40 ಸೈಟೊಂದನ್ನು ನೋಡಿ, ಅದರ ಮೇಲೆ ಮಳೆಗಾಲದಲ್ಲಿ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹರಿದೀತು ಎಂದು ಉಪಗ್ರಹ ಚಿತ್ರ ಹರಡಿಕೊಂಡು ಲೆಕ್ಕ ಹಾಕಲು ಕೂರುತ್ತಾನೆ.

ಸೈಟು ತೋರಿಸಿದ್ದು ನಮ್ಮ ಬಾಮೈದ. ಹಳೇ ಮದ್ರಾಸು ರಸ್ತೆಯ ಬೂದಿಗೆರೆ ಕ್ರಾಸಿನಲ್ಲಿ ತಿರುಗಿ, ಅಪಾರ್ಟ್‌ಮೆಂಟುಗಳನ್ನು ದಾಟಿ, ರಾಗಿ ಹೊಲ, ನೀಲಗಿರಿ ತೋಪು, ದ್ರಾಕ್ಷಿ ಚಪ್ಪರಗಳ ನಡುವೆ ಕಲ್ಲು ನೆಟ್ಟ ಒಂದು ಲೇಔಟಿಗೆ ಕರೆದುಕೊಂಡು ಹೋಗಿ, “ಭಾವ, ಇತ್ಲಾಗೆ ಏರ್‌ಪೋರ್ಟು, ಅತ್ಲಾಗೆ ಹೊಸಕೋಟೆ, ಮಧ್ಯದಲ್ಲಿ ನೀವು” ಎಂದ. ನಮ್ಮಾಕೆ ಮಧ್ಯದಲ್ಲಿ ನಿಂತು ನಾಲ್ಕೂ ಕಡೆ ನೋಡಿದಳು. “ಇದು ತಗ್ಗಿನಲ್ಲಿದೆ ಅಲ್ವೇನ್ರೀ? ನೀರು ನಿಲ್ಲುತ್ತಾ ಅಂತ ಇಲ್ಲಿಯವರನ್ನ ಒಂದು ಮಾತು ಕೇಳಿ” ಎಂದಳು.

ಅವಳ ಅಂಜಿಕೆಗೆ ಆಧಾರವಿತ್ತು. 2021ರ ಅಕ್ಟೋಬರ್ 11ರ ಮಳೆಗೆ ದೇವನಹಳ್ಳಿಯ ವಿಮಾನ ನಿಲ್ದಾಣದ ಮುಂದೆಯೇ ನೀರು ನಿಂತು, ವಿಮಾನ ಹತ್ತಬೇಕಾದವರು ಮೊದಲು ಟ್ರ್ಯಾಕ್ಟರ್ ಹತ್ತಿದ್ದರು. ಮರುವರ್ಷ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ಬಿದ್ದು, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ದೋಣಿಯಲ್ಲಿ ಹೊರಬಂದಿದ್ದರು. ಆದರೆ “ಒಂದು ಮಾತು ಕೇಳಿ” ಎನ್ನುವುದು ನನ್ನ ಅಂತಸ್ತಿಗೆ ಸರಿಹೋಗಲಿಲ್ಲ. ನಾನು ಆಗಷ್ಟೇ ಆನ್‌ಲೈನಿನಲ್ಲಿ ಜಿಐಎಸ್ ಎಂಬ ಕಂಪ್ಯೂಟರ್ ನಕ್ಷೆಯ ವಿದ್ಯೆ ಕಲಿತು, ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸಿ, ದೇವರ ಕೋಣೆಯ ಎದುರು ಗೋಡೆಗೆ ತೂಗುಹಾಕಿದ್ದೆ. ದೇವರಿಗೂ ಕಾಣಲಿ ಎಂದು.

“ಕೇಳೋದಲ್ಲ, ಅಳೆಯೋದು” ಎಂದೆ. ಬಾಮೈದ ನನ್ನನ್ನು ಗೌರವದಿಂದ ನೋಡಿದ. ನಮ್ಮಾಕೆ ಕಾರಿನಲ್ಲಿ ಹೋಗಿ ಕುಳಿತಳು.

ವಿಷಯ ಸರಳ. ಬಿದ್ದ ಮಳೆಯಲ್ಲಿ ಒಂದು ಪಾಲು ಮಣ್ಣಿಗೆ ಇಂಗುತ್ತದೆ, ಉಳಿದದ್ದು ಹರಿಯುತ್ತದೆ. ಹರಿಯುವ ಪಾಲು ಎಷ್ಟೆಂದು ತಿಳಿಯಲು ಐರ್ಲೆಂಡಿನ ಮಲ್ವನಿ ಎಂಬ ಇಂಜಿನಿಯರ್ 1851ರಲ್ಲೇ ದಾರಿ ತೋರಿಸಿದ್ದಾನೆ. ಮಳೆಯ ರಭಸ, ನೆಲದ ವಿಸ್ತೀರ್ಣ, ಆಮೇಲೆ ಸೊನ್ನೆಯಿಂದ ಒಂದರ ನಡುವಿನ ಒಂದು ಗುಣಾಂಕ, ಈ ಮೂರನ್ನು ಗುಣಿಸಬೇಕು. ಮಳೆ ಗಂಟೆಗೆ ಮಿಲಿಮೀಟರಿನಲ್ಲೂ ನೆಲ ಹೆಕ್ಟೇರಿನಲ್ಲೂ ಇದ್ದರೆ 360ರಿಂದ ಭಾಗಿಸಿದರಾಯಿತು, ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಉತ್ತರ ಬರುತ್ತದೆ. ಮೂವತ್ತು ವರ್ಷ ಚಕ್ರಬಡ್ಡಿ ಹಾಕಿದವನಿಗೆ ಇದೊಂದು ಲೆಕ್ಕವೇ?

ನೀರು ಎತ್ತಲಿಂದ ಹರಿದುಬರುತ್ತದೆಂದು ತಿಳಿಯಲು ಮೊದಲು ನೆಲದ ಏರುತಗ್ಗು ಬೇಕು. ಅದು ಪುಕ್ಕಟೆ ಸಿಗುತ್ತದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಗಗನನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರ್ ಬೀರಿ, ಲೋಕದ ಬಹುಪಾಲು ನೆಲದ ಎತ್ತರವನ್ನು ಅಳೆದುಕೊಂಡು ಹೋಗಿದೆ. ಅದರಲ್ಲಿ ಬೂದಿಗೆರೆಯೂ ಇದೆ ಎಂದು ತಿಳಿದಾಗ ನನಗೆ ಸ್ವಂತ ಸಾಧನೆಯಷ್ಟು ಹೆಮ್ಮೆಯಾಯಿತು. ಆ ಕಡತವನ್ನು ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ಪುಕ್ಕಟೆ ಸಾಫ್ಟ್‌ವೇರಿಗೆ ಉಣಿಸಿ, ‘ಇಳಿಜಾರು’ ಎಂಬ ಗುಂಡಿ ಒತ್ತಿದೆ.

ಪರದೆ ತುಂಬ ರಕ್ತಗೆಂಪು. ಬೂದಿಗೆರೆಯ ಒಂದೊಂದು ರಾಗಿ ಹೊಲದ ಇಳಿಜಾರೂ 89.9 ಡಿಗ್ರಿ!

ನಂದಿಬೆಟ್ಟದ ಟಿಪ್ಪು ಡ್ರಾಪ್ ಕೂಡ ಅಷ್ಟು ಕಡಿದಾಗಿಲ್ಲ. ನಾನು ಕಣ್ಣಾರೆ ಕಂಡಿದ್ದೆ, ಆ ಹೊಲಗಳಲ್ಲಿ ಹಸು ಮಲಗಿ ಮೆಲುಕು ಹಾಕುತ್ತಿದ್ದವು. ಪ್ರಪಾತದ ಗೋಡೆಗೆ ಅಂಟಿಕೊಂಡು ಮೆಲುಕು ಹಾಕುವ ತಳಿ ದೇವನಹಳ್ಳಿ ಸೀಮೆಯಲ್ಲಿ ಇದೆಯೆಂದು ಯಾರೂ ಬರೆದಿಲ್ಲ. ಆದರೂ ಗಗನನೌಕೆಯ ಮಾತನ್ನು ತಳ್ಳಿಹಾಕುವುದು ಹೇಗೆ? “ಕಣ್ಣಿಗೆ ಮಟ್ಟಸ ಕಂಡರೂ ಒಳಗೊಳಗೇ ಇಳಿಜಾರಿದೆ” ಎಂದು ಬಾಮೈದನಿಗೆ ಫೋನಿನಲ್ಲಿ ವಿವರಿಸಿದೆ. ಅವನು ಒಪ್ಪಿದ. ಸೈಟು ಕೊಡಿಸುವ ಹುರುಪಿನಲ್ಲಿದ್ದವನು ಏನನ್ನಾದರೂ ಒಪ್ಪುತ್ತಿದ್ದ.

ಮುಂದೆ ವಿಸ್ತೀರ್ಣ. ಸೈಟಿನ ಮೇಲ್ಗಡೆಯಿಂದ ನೀರು ಹರಿದುಬರುವ ನೆಲಕ್ಕೆ ಗೆರೆ ಎಳೆದರೆ ಸುಮಾರು ನೂರು ಎಕರೆ, ಅಂದರೆ 40 ಹೆಕ್ಟೇರ್ ಆಗಬೇಕು. ಸಾಫ್ಟ್‌ವೇರ್ 0.00003 ಎಂದಿತು. ಅದನ್ನೇ ಮಲ್ವನಿಯ ಲೆಕ್ಕಕ್ಕೆ ಹಾಕಿದೆ. ಗಂಟೆಗೆ 60 ಮಿಲಿಮೀಟರ್ ರಭಸದ ಮಳೆ, ಎಲ್ಲ ಕಾಂಕ್ರೀಟು, ಗುಣಾಂಕ ಸದ್ಯಕ್ಕೆ 0.8 ಎಂದು ಹಿಡಿದರೂ ಸೆಕೆಂಡಿಗೆ ಹರಿಯುವ ನೀರು ನಾಲ್ಕು ಮಿಲಿಲೀಟರ್. ಒಂದು ಟೀ ಚಮಚಕ್ಕೂ ಕಡಿಮೆ.

“ಪ್ರಳಯವಾದರೂ ಚಮಚೆಯಲ್ಲಿ ಎತ್ತಿ ಹಾಕಬಹುದು” ಎಂದು ಮನೆಯಲ್ಲಿ ಘೋಷಿಸಿದೆ. ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ನಮ್ಮಾಕೆ, “ಪ್ರಪಾತದಿಂದ ಚಮಚೆಯಷ್ಟು ನೀರಾ?” ಎಂದಳು. ವಿಜ್ಞಾನಿಗಳ ಮನೆಯವರು ಇಂಥ ಪ್ರಶ್ನೆ ಕೇಳಬಾರದು.

ರಾತ್ರಿಯೆಲ್ಲ ತಡಕಾಡಿದ ಮೇಲೆ ಕಾರಣ ಸಿಕ್ಕಿತು. ಆ ಕಡತ ಅಕ್ಷಾಂಶ ರೇಖಾಂಶದಲ್ಲಿತ್ತು. ಅದರ ಉದ್ದ ಅಗಲ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ. ಒಂದು ಮೀಟರ್ ಏರಲು ಡಿಗ್ರಿಯ ಮೂರುಸಾವಿರದ ಆರುನೂರನೇ ಒಂದು ಪಾಲು ನಡೆದರೆ ಸಾಕು ಎಂದು ಕಂಪ್ಯೂಟರ್ ತಿಳಿದರೆ, ಹೊಲ ಗೋಡೆಯಾಗದೆ ಇನ್ನೇನು? ನೂರು ಎಕರೆಯನ್ನು ಚದರ ಡಿಗ್ರಿಯಲ್ಲಿ ಅಳೆದರೆ ಸೊನ್ನೆಗಳ ಸಾಲು ಬರುವುದೂ ಸಹಜ. ಆ ಕಡತವನ್ನು ಮೀಟರ್ ಲೆಕ್ಕದ ವಲಯಕ್ಕೆ ಬದಲಾಯಿಸಬೇಕು. ನಮ್ಮದು 43ನೇ ವಲಯ. 78 ಡಿಗ್ರಿ ರೇಖಾಂಶ ದಾಟಿ ಕೋಲಾರಕ್ಕೆ ಹೋದರೆ 44. ನಾನು ಬೂದಿಗೆರೆಯನ್ನು ಮೊದಲು 44ಕ್ಕೆ ಸೇರಿಸಿ, ಆಮೇಲೆ 43ಕ್ಕೆ ತಂದು ಕೂರಿಸಿದೆ. ಹಾಗೆ ಕೂರಿಸಿದ ಕೂಡಲೇ ಹಸುಗಳು ನೆಲಕ್ಕೆ ಇಳಿದವು. ಸೆಕೆಂಡಿಗೆ ಒಂದು ಚಮಚ ಹೋಗಿ 5.3 ಘನ ಮೀಟರ್ ಆಯಿತು. ಆರು ಸಾವಿರ ಲೀಟರಿನ ಟ್ಯಾಂಕರನ್ನು ಸುಮಾರು ಸೆಕೆಂಡಿಗೊಂದರಂತೆ ಸುರಿದಷ್ಟು.

ಮನೆಯಲ್ಲಿ ಈ ತಿದ್ದುಪಡಿಯನ್ನು ಘೋಷಿಸಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ, ಗುಣಾಂಕ ಉಳಿದಿತ್ತು. ಯಾವ ನೆಲ ಎಷ್ಟು ನೀರು ಕುಡಿಯುತ್ತದೆಂದು ತಿಳಿಯಲು ಅಲ್ಲೇನಿದೆ ಎಂಬುದು ತಿಳಿದಿರಬೇಕು. ಅಮೆರಿಕದ ಮಣ್ಣು ಸಂರಕ್ಷಣೆಯವರು 1950ರ ದಶಕದಲ್ಲಿ ಇದಕ್ಕೊಂದು ಪಟ್ಟಿ ಮಾಡಿಟ್ಟಿದ್ದಾರೆ. ಒಂದೊಂದು ಬಗೆಯ ನೆಲಕ್ಕೂ ನೂರರೊಳಗೆ ಒಂದೊಂದು ಅಂಕ. ಡಾಂಬರು, ಕಾಂಕ್ರೀಟಿಗೆ 98. ರಾಗಿಯಂಥ ಬೆಳೆಯಿರುವ, ನೀರನ್ನು ಮಿತವಾಗಿ ಇಂಗಿಸುವ ಮಣ್ಣಿಗೆ ಹೆಚ್ಚುಕಡಿಮೆ 75. ನಮ್ಮ ದೇಶಕ್ಕೆ ಹೊಂದಿಸಿದ ಸೂತ್ರದಲ್ಲಿ ಹಾಕಿದರೆ, ನೂರು ಮಿಲಿಮೀಟರ್ ಮಳೆಗೆ ರಾಗಿ ಹೊಲ 35 ಮಿಲಿಮೀಟರನ್ನು ಬಿಟ್ಟುಕೊಡುತ್ತದೆ, ಕಾಂಕ್ರೀಟು 94ನ್ನು. ಬೆಂಗಳೂರು ಮುಳುಗುವ ರಹಸ್ಯ ಇಷ್ಟೇ. ಮಳೆ ಹೆಚ್ಚಾಗದಿದ್ದರೂ ಹರಿಯುವ ನೀರು ಎರಡೂವರೆ ಪಟ್ಟಿಗೂ ಮಿಗಿಲು.

ಯುರೋಪಿನ ಸೆಂಟಿನೆಲ್ ಉಪಗ್ರಹದ ಚಿತ್ರ ಇಳಿಸಿಕೊಂಡೆ. ಮಳೆಗಾಲದ ಚಿತ್ರಗಳಲ್ಲೆಲ್ಲ ಮೋಡ. ಹಾಗಾಗಿ ಮಳೆಯ ಲೆಕ್ಕಕ್ಕೆ ಮಳೆಯೇ ಇಲ್ಲದ ಮಾರ್ಚ್ ತಿಂಗಳ ಚಿತ್ರ ಆರಿಸಿದೆ. ಕಟ್ಟಡ ಹೇಗಿರುತ್ತದೆ, ಬೆಳೆ ಹೇಗಿರುತ್ತದೆ ಎಂದು ನಾಲ್ಕಾರು ಕಡೆ ತೋರಿಸಿಕೊಟ್ಟರೆ ಉಳಿದದ್ದನ್ನು ಯಂತ್ರವೇ ಗುರುತಿಸುತ್ತದೆ. ಗುರುತಿಸಿತು. ಕೊಯ್ಲಾಗಿ, ಉತ್ತು, ಕೆಂಪಗೆ ಬಿದ್ದಿದ್ದ ರಾಗಿ ಹೊಲಗಳನ್ನೆಲ್ಲ ಹೆಂಚಿನ ಮನೆಗಳೆಂದು ಬಗೆಯಿತು. ಜೊಂಡು ತುಂಬಿದ ಕೆರೆಯಂಗಳವನ್ನು ಸಮೃದ್ಧ ಬೆಳೆ ಎಂದಿತು. ಹೂ ಬೆಳೆಯುವ ಪಾಲಿಹೌಸುಗಳನ್ನು ಕಾರ್ಖಾನೆ ಮಾಡಿತು. ನನ್ನ ನಕ್ಷೆಯ ಪ್ರಕಾರ ಬೂದಿಗೆರೆ ಮೆಜೆಸ್ಟಿಕ್‌ಗಿಂತ ಕಿಕ್ಕಿರಿದ ಊರು, ಮೆಜೆಸ್ಟಿಕ್‌ನಲ್ಲಿ ಇಲ್ಲದ ಭತ್ತದ ಗದ್ದೆ ಬೇರೆ.

“ಭಾವ, ಅಷ್ಟು ಡೆವಲಪ್ ಆಗಿದೆಯಾ? ಹಾಗಾದರೆ ರೇಟು ಏರುತ್ತೆ, ಬೇಗ ತಗೊಳ್ಳಿ” ಎಂದ ಬಾಮೈದ.

ಒಂದೊಂದೇ ಹೊಲವನ್ನು ಕೈಯಾರೆ ತಿದ್ದಿ ಮುಗಿಸಿದ ಮೇಲೆ ನೀರಿನ ದಾರಿ ಬಿಡಿಸುವುದಷ್ಟೇ ಬಾಕಿ. ಅದಕ್ಕೆ ಮೊದಲು ‘ಫಿಲ್ ಸಿಂಕ್ಸ್’ ಎಂಬ ಗುಂಡಿ ಒತ್ತಬೇಕು, ಒತ್ತದಿದ್ದರೆ ನೀರಿನ ಗೆರೆ ತಗ್ಗುಗಳಲ್ಲೇ ನಿಂತುಬಿಡುತ್ತದೆ. ಅದರ ಕೆಲಸವೇನೆಂದು ನಾನು ಒತ್ತಿದ ಮೇಲೆ ಓದಿದೆ. ನೆಲದಲ್ಲಿ ಎಲ್ಲೇ ತಗ್ಗಿದ್ದು, ಅದರಿಂದ ನೀರು ಹೊರಹೋಗಲು ದಾರಿ ಇಲ್ಲದಿದ್ದರೆ, ಸಾಫ್ಟ್‌ವೇರ್ ಅದನ್ನು ಅಳತೆಯ ದೋಷವೆಂದು ಬಗೆದು ಅಂಚಿನ ಮಟ್ಟಕ್ಕೆ ಮುಚ್ಚಿಬಿಡುತ್ತದೆ. ಕ್ಷಣದಲ್ಲಿ ಬೂದಿಗೆರೆ ಕೆರೆ ಏರಿಯ ಮಟ್ಟಕ್ಕೆ ಮುಚ್ಚಿಹೋಯಿತು. ಸುತ್ತಲಿನ ಕಟ್ಟೆ, ಕುಂಟೆ, ಕಲ್ಲುಕ್ವಾರಿ ಎಲ್ಲ ಸಪಾಟು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಲು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಲು ಬೆಂಗಳೂರಿನವರಿಗೆ ದಶಕಗಳೇ ಹಿಡಿದವು, ಎಷ್ಟೊಂದು ಕಡತ, ಎಷ್ಟೊಂದು ಸಹಿ! ನಾನು ಲುಂಗಿ ಉಟ್ಟುಕೊಂಡು, ಯಾರ ಸಹಿಯೂ ಇಲ್ಲದೆ, ಕಾಫಿ ಆರುವುದರೊಳಗೆ ಒಂದು ಹೋಬಳಿಯ ಕೆರೆಗಳನ್ನೆಲ್ಲ ನುಂಗಿದ್ದೆ. ತಗ್ಗೆಲ್ಲ ದೋಷ ಎಂಬ ಸಿದ್ಧಾಂತವನ್ನು ಕಂಪ್ಯೂಟರ್ ಲೇಔಟಿನವರಿಂದ ಕಲಿಯಿತೋ, ಲೇಔಟಿನವರು ಕಂಪ್ಯೂಟರಿನಿಂದ ಕಲಿತರೋ ಗೊತ್ತಾಗಲಿಲ್ಲ.

ತಂಗಲು ಜಾಗವಿಲ್ಲದ ನೀರು ಮೇಲ್ಗಡೆಯ ಕುಂಟೆಯ ಏರಿ ಹತ್ತಿ ಇಳಿದು, ದಪ್ಪ ನೀಲಿ ಗೆರೆಯಾಗಿ, ನಮ್ಮ ಸೈಟಿಗೆ ಈಶಾನ್ಯ ಮೂಲೆಯಿಂದ ಪ್ರವೇಶಿಸಿತು. ಆ ನಕ್ಷೆಯ ಒಂದೊಂದು ಚುಕ್ಕೆ 30 ಮೀಟರ್ ಚೌಕ, ಒಂದು ಚುಕ್ಕೆಯಲ್ಲಿ 30×40 ಅಡಿಯ ಎಂಟು ಸೈಟು ಕೂರುತ್ತವೆ. ಅಂಥದರಲ್ಲಿ ನನ್ನ ಸೈಟಿನ ಈಶಾನ್ಯ ಮೂಲೆಯನ್ನು ಪತ್ತೆಹಚ್ಚಿದ್ದು ಸಂಪೂರ್ಣ ನನ್ನ ಪ್ರತಿಭೆ. “ಈಶಾನ್ಯದಲ್ಲಿ ನೀರು! ವಾಸ್ತು ಪ್ರಕಾರ ಇದಕ್ಕಿಂತ ಶ್ರೇಷ್ಠ ಇಲ್ಲ ಭಾವ” ಎಂದು ಬಾಮೈದ ಕೈಮುಗಿದ.

ನಮ್ಮಾಕೆ ಮಾತ್ರ ಹಳೆಯ ಮಾತನ್ನೇ ಹಿಡಿದಿದ್ದಳು. “ಅಲ್ಲಿಯವರನ್ನ ಕೇಳಿದ್ರಾ?”

ಕೇಳಲು ಹೋಗಲಿಲ್ಲ, ‘ಕ್ಷೇತ್ರ ಪರಿಶೀಲನೆ’ಗೆ ಹೋದೆ. ತಲೆಗೆ ಹ್ಯಾಟು, ಕೈಯಲ್ಲಿ ಟ್ಯಾಬು, ಸೊಂಟದಲ್ಲಿ ಟೇಪು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಬರುತ್ತದೆ, ಹಳೆಯ ಗ್ರಾಮನಕ್ಷೆಯ ಹಳ್ಳ, ಕಾಲುವೆ, ಖರಾಬೂ ಕಾಣುತ್ತವೆ. ಅದರಲ್ಲಿ ಒಂದು ಹಳ್ಳದ ಗೆರೆ ಲೇಔಟಿನ ನಡುವೆಯೇ ಹಾದುಹೋಗಿತ್ತು. ಲೇಔಟಿನ ಏಜೆಂಟನನ್ನು ಕೇಳಿದರೆ, “ಅದು ಪಾರ್ಕು ಸಾರ್” ಎಂದ. ಹಳ್ಳ ಪಾರ್ಕಿನಲ್ಲಿ ಒಳಗೆ ಹೋಗಿ ಎಲ್ಲಿ ಹೊರಗೆ ಬರುತ್ತದೆಂದು ಹುಡುಕುತ್ತ ಹೋದವನಿಗೆ ಲೇಔಟಿನ ಹೊಸ ರಸ್ತೆಯ ಕೆಳಗೆ ಒಂದು ಮೋರಿ ಕಂಡಿತು. ಒಂದೇ ಒಂದು ಸಿಮೆಂಟ್ ಪೈಪು. ವ್ಯಾಸ ಅಳೆಯೋಣವೆಂದು ಬಗ್ಗಿದೆ. ಜೇಬಿನ ಮೊಬೈಲು ಪೈಪಿನೊಳಕ್ಕೆ ಜಾರಿತು.

ಎರಡಡಿ ವ್ಯಾಸದ ಪೈಪಿನಲ್ಲಿ ನಿವೃತ್ತ ಬ್ಯಾಂಕ್ ನೌಕರ ಸೊಂಟದವರೆಗೆ ಹಿಡಿಸುತ್ತಾನೆ. ಇದು ನನ್ನ ಅಧ್ಯಯನದ ಅತ್ಯಂತ ನಿಖರವಾದ ಅಳತೆ. ಒಳಗೆ ಸಿಮೆಂಟ್ ಚೀಲ, ತೆಂಗಿನ ಗರಿ, ಎಳನೀರು ಬುರುಡೆ. ಅವುಗಳ ಆಚೆ ಮೊಬೈಲು ಬೆಳಗುತ್ತ, ನಾನು ಗಮ್ಯಸ್ಥಾನ ತಲುಪಿದ್ದೇನೆಂದು ಹೆಣ್ಣುದನಿಯಲ್ಲಿ ಸಾರುತ್ತಿತ್ತು.

ಹೊರಗೆ ಜನ ಸೇರಿದ್ದು ಕೇಳಿಸಿತು. ನನ್ನ ಕಾಲುಗಳನ್ನು ಉದ್ದೇಶಿಸಿ ಒಬ್ಬರು, “ಯಾರ್ ಸಾ ಅದು? ಸರ್ವೆನೋರಾ?” ಎಂದರು. “ಹೌದು” ಎಂದು ಪೈಪಿನೊಳಗಿನಿಂದ ಗತ್ತಿನಲ್ಲಿ ಹೇಳಿದೆ. ಆ ಊರುಗಳಲ್ಲಿ ಹಾಗೆ ಹೇಳಬಾರದು. ಇದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ವರ್ಷಗಟ್ಟಲೆ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದ್ದಾರೆ. ಟೇಪು ಹಿಡಿದವನು ಅಲ್ಲಿ ನೆಂಟನಲ್ಲ.

“ಯಾವ ಸರ್ವೆ ನಂಬರ್ ಓಗ್ತದೆ? ನೋಟೀಸ್ ಎಲ್ಲೈತೆ?”

“ಭೂಮಿದಲ್ಲ, ನೀರಿನ ಸರ್ವೆ” ಎಂದೆ, ಹೊರಗೆ ಬರಲು ಒದ್ದಾಡುತ್ತ.

ಗುಂಪಿನ ದನಿಯೇ ಬದಲಾಯಿತು. “ಕಾವೇರಿ ನೀರಾ ಸಾ? ಯಾವಾಗ ಬುಡ್ತಾರೆ?” ಕಾಲು ಹಿಡಿದು ಗೌರವದಿಂದ ಹೊರಗೆಳೆದರು. ಎದ್ದು ನಿಲ್ಲುವಷ್ಟರಲ್ಲಿ ಒಬ್ಬರು ಮನೆಗಳ ಪಟ್ಟಿ ಬರೆಯತೊಡಗಿದ್ದರು. ಒಬ್ಬ ಅಮ್ಮ, “ನಮ್ಮನೆ ಸೇರಿಸಿಕೊಳ್ಳಪ್ಪ, ಕಡೆ ಮನೆ ಅಂತ ಬುಟ್ಟುಬುಡ್ಬೇಡ” ಎಂದರು. ಮಳೆ ನೀರೆಂದು ತಿಳಿದ ಮೇಲೆ ಪಟ್ಟಿ ಹರಿದು ಹಾಕಿದರು. ಟೀ ಮಾತ್ರ ಕೊಡಿಸಿದರು.

ಅಂತೂ ನಮ್ಮಾಕೆಯ ಪ್ರಶ್ನೆ ಕೇಳುವ ಸಂದರ್ಭ ಒದಗಿತು. ಟೀ ಅಂಗಡಿಯವರು, “ಇಲ್ಲಿ ನೀರಾ? ಚಾನ್ಸೇ ಇಲ್ಲ” ಎಂದರು. ಸೈಟಿನ ಕಮಿಷನ್ನಿನಲ್ಲಿ ಅವರಿಗೂ ಪಾಲಿದೆಯೆಂದು ಪಕ್ಕದವರು ಕಣ್ಣಲ್ಲೇ ತಿಳಿಸಿದರು. ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ನೀರುಗಂಟಿ ಮನೆತನದವರು, ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಂಚಿದವರ ಮಗ. ಇನ್ನು ನನ್ನ ಕೆಲಸವಾಯಿತು ಎಂದುಕೊಂಡೆ.

“ಕುಂಟೆ ತುಂಬಿದ್ರೆ ಅಗೋ, ಆ ಉಣಿಸೆ ಮರದ ಮಗ್ಗುಲಾಗೆ ಕೋಡಿ ಓಗ್ತಿತ್ತು ಸ್ವಾಮಿ.”

“ಯಾವ ಹುಣಸೆ ಮರ, ಯಜಮಾನ್ರೇ?”

“ಅದ್ನ ಕಡಿದ್ಬುಟ್ರಲ್ಲ, ಎಷ್ಟೋ ವರ್ಸ ಆಯ್ತು.”

“ಈಗ ನೀರು ಎಲ್ಲಿ ಹೋಗ್ತದೆ?”

“ಈಗಿಂದು ನಂಗೇನ್ ಗೊತ್ತು? ರಸ್ತೆ ಎತ್ತರಿಸವ್ರೆ, ಕಾಂಪೌಂಡು ಕಟ್ಟವ್ರೆ. ನೀವೇ ಓದಿರೋರು, ನೋಡಿ ಯೋಳಿ.”

ನನಗೆ ಅವರ ಮೇಲೆ ಒಮ್ಮೆಲೇ ಬಾಂಧವ್ಯ ಉಕ್ಕಿತು. ನಾವಿಬ್ಬರೂ ಒಂದೇ ಕಾಯಿಲೆಯವರು. ನನ್ನ ಏರುತಗ್ಗಿನ ಕಡತ 2000ದ ಫೆಬ್ರವರಿಯದು. ಅದರಲ್ಲಿ 2008ರಲ್ಲಿ ತೆರೆದ ವಿಮಾನ ನಿಲ್ದಾಣವೇ ಇಲ್ಲ, ದೇವನಹಳ್ಳಿಯಿಂದ ಹೊಸಕೋಟೆಗೆ ದಿಬ್ಬ ಎಬ್ಬಿಸಿದ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಇಲ್ಲ, ಈ ಲೇಔಟಂತೂ ಇಲ್ಲವೇ ಇಲ್ಲ. ದಿಶಾಂಕ್‌ನ ಹಳ್ಳ ಅವರ ತಾತನ ಕಾಲದ್ದು. ಏಜೆಂಟನ ಬ್ರೋಷರಿನಲ್ಲಿರುವ ಈಜುಕೊಳ, ಕ್ಲಬ್‌ಹೌಸು ಇನ್ನು ಹುಟ್ಟಬೇಕಾದವು. ಆ ಬೆಂಚಿನ ಮೇಲೆ ಹಿಂದಿನ ಬೂದಿಗೆರೆ ಬಲ್ಲವರಿದ್ದರು, ಮುಂದಿನದನ್ನು ಮಾರುವವರಿದ್ದರು. ಮಳೆ ಬೀಳುವುದೋ ಇವತ್ತಿನ ಬೂದಿಗೆರೆಯ ಮೇಲೆ. ಅದರ ನಕ್ಷೆ ಯಾರಲ್ಲೂ ಇರಲಿಲ್ಲ.

ಇವತ್ತಿನದು ಎಂದು ಹೇಳಬಹುದಾದ ಒಂದೇ ಅಳತೆ ನನ್ನ ಅಂಗಿಯ ಮೇಲೆ ಕೆಸರಿನ ಗುರುತಾಗಿ ಉಳಿದಿತ್ತು: ಆ ಪೈಪು. ಬೆಂಚಿನ ಮೇಲೇ ಲೆಕ್ಕ ಹಾಕಿದೆ. 600 ಮಿಲಿಮೀಟರ್ ವ್ಯಾಸದ ಸಿಮೆಂಟ್ ಪೈಪು, 200 ಮೀಟರಿಗೆ ಒಂದು ಮೀಟರ್ ಇಳಿಜಾರು ಎಂದು ಹಿಡಿದರೆ, ಚೊಕ್ಕಟವಾಗಿದ್ದು ತುಂಬಿ ಹರಿದಾಗ ಸೆಕೆಂಡಿಗೆ ಸಾಗಿಸುವುದು ಸುಮಾರು 0.43 ಘನ ಮೀಟರ್. ಮೇಲಿನ ನೂರು ಎಕರೆ ಹೊಲವಾಗಿಯೇ ಉಳಿದರೂ, ಗುಣಾಂಕ 0.2 ಎಂದರೂ, ಗಂಟೆಗೆ 60 ಮಿ.ಮೀ. ಮಳೆಗೆ 1.3 ಘನ ಮೀಟರ್ ಬರುತ್ತದೆ. ಪೈಪು ಅದರ ಮೂರನೇ ಒಂದು ಪಾಲಿಗಷ್ಟೇ ಸಾಕು. ಅಷ್ಟೂ ಎಕರೆ ಲೇಔಟಾಗಿ ಗುಣಾಂಕ 0.8ಕ್ಕೆ ಏರಿದರೆ ಬರುವುದು 5.3. ಹನ್ನೆರಡು ಪೈಪು ಬೇಕಾದಲ್ಲಿ ಒಂದಿದೆ, ಅದರಲ್ಲೂ ಎಳನೀರು ಬುರುಡೆ ಇದೆ. ಉಳಿದ ನೀರು ರಸ್ತೆಯ ದಿಬ್ಬಕ್ಕೆ ತಾಗಿ ಹಿಂದಕ್ಕೆ ನಿಲ್ಲುತ್ತದೆ. ಹಿಂದೆ ಇರುವುದು ನಾನು ನೋಡಿದ ಸೈಟು. ಕುಂಟೆಯಾದರೂ ಉಳಿದಿದ್ದರೆ ಒಂದಷ್ಟು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತಿತ್ತು. ಆ ಕುಂಟೆಯನ್ನು ನನ್ನ ಸಾಫ್ಟ್‌ವೇರ್ ಪರದೆಯ ಮೇಲೆ ಮುಚ್ಚಿತ್ತು. ಹೋಗಿ ನೋಡಿದರೆ, ನೆಲದ ಮೇಲೆ ಅರ್ಧಕ್ಕರ್ಧ ಟಿಪ್ಪರುಗಳು ಮುಚ್ಚಿದ್ದವು. ನನ್ನ ನಕ್ಷೆಯಲ್ಲಿ ನಿಜವಾದ ಭವಿಷ್ಯವಾಣಿ ಅದೊಂದೇ.

ಟ್ಯಾಬು ತೆಗೆದು, ಬಣ್ಣದ ನಕ್ಷೆಯ ಮೇಲೆ ನೀಲಿ ಹರಡಿ, ಏಜೆಂಟನ ಮುಂದೆ ಹಿಡಿದೆ. ಮಲ್ವನಿಯಿಂದ ಮೋರಿಯವರೆಗೆ ವಿವರಿಸಿದೆ. ಹನ್ನೆರಡು ಪೈಪಿನ ನೀರು, ಒಂದು ಪೈಪಿನ ದಾರಿ ಎಂದೆ. ಅಷ್ಟರಲ್ಲಿ ಬಂದು ಸೇರಿದ್ದ ಬಾಮೈದ ಬೆವರಿದ. ಏಜೆಂಟ ನಕ್ಷೆಯನ್ನು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದ.

“ಸಾರ್, ಈ ನೀಲಿ ಬಣ್ಣದ್ದೆಲ್ಲಾ ನೀರಾ?”

“ಹೌದು.”

“ನಿಮ್ಮ ಸೈಟ್ ಪಕ್ಕದಲ್ಲೇ ಬರುತ್ತಾ?”

“ಪಕ್ಕದಲ್ಲಲ್ಲ, ಒಳಗೇ.”

“ಇದನ್ನ ನನಗೆ ವಾಟ್ಸಾಪ್ ಮಾಡಿ ಸಾರ್. ಮುಂದಿನ ಫೇಸಿಗೆ ‘ಲೇಕ್ ವ್ಯೂ’ ಅಂತ ಹೆಸರಿಡೋಣ. ಚದರಡಿಗೆ ಇನ್ನೂರು ಜಾಸ್ತಿ ಹಾಕ್ತೀವಿ. ಆದ್ರೆ ಇಷ್ಟು ಕಷ್ಟಪಟ್ಟಿದೀರ, ನಿಮಗೆ ಮಾತ್ರ ಹಳೇ ರೇಟು.”

‘ಹಳೇ ರೇಟು’ ಎಂಬುದು ಕಿವಿಗೆ ಬಿದ್ದದ್ದೇ ತಡ, ಬಾಮೈದ ಅಲ್ಲೇ ನಿಂತು ಅಡ್ವಾನ್ಸ್ ಕೊಟ್ಟುಬಿಟ್ಟ. ಪುಣ್ಯಕ್ಕೆ, ಅವನ ಹೆಸರಿಗೆ.